ಗಿಡ್ಡ ಕಾವು

“ಬಗ್ಗು ಅಂದ್ರೆ ಬಗ್ಗಬೇಕು. ಸೊಂಟಕ್ಕೇನು ಕಬ್ಬಿಣ ಹೊಯ್ದಿದಾರಾ, ಮುಂಡೇದೇ?”

ಮೇಸ್ತ್ರಿ ಬೈದದ್ದು ನನಗೆ. ಕಳೆ ತೆಗೆಯುತ್ತ ಒಂದು ಗಳಿಗೆ ಎದ್ದು ನಿಂತಿದ್ದೆ, ಅಷ್ಟೇ. ನನ್ನ ಗುದ್ದಲಿಯ ಕಾವು ಮೊಳದುದ್ದ. ಅದರಲ್ಲಿ ಕೆಲಸ ಮಾಡಬೇಕೆಂದರೆ ಮೂಗು ಮಣ್ಣಿಗೆ ತಾಗುವಷ್ಟು ಬಗ್ಗಬೇಕು.

ಹೋದ ತಿಂಗಳವರೆಗೂ ನಮ್ಮ ಗುದ್ದಲಿಗಳಿಗೆ ಎದೆಯೆತ್ತರದ ಕಾವಿತ್ತು. ಹಾಕಿಕೊಟ್ಟವನು ನನ್ನ ಮಾವ. ಅವನಿಗೆ ಆ ಬುದ್ಧಿ ಬರುವ ಹೊತ್ತಿಗೆ ಅತ್ತೆಯ ಬೆನ್ನು ಮಡಚಿಹೋಗಿತ್ತು, ಮತ್ತೆ ಬಿಚ್ಚಲಿಲ್ಲ. “ನಿನಗಂತೂ ತಡವಾಯ್ತು, ಸೊಸೆಗಾದ್ರೂ ಇರಲಿ” ಎಂದು ಬೇಲಿಯ ಮರ ಕಡಿದು, ಕೆತ್ತಿ, ಎಲ್ಲ ಹೆಂಗಸರ ಗುದ್ದಲಿಗೂ ಉದ್ದ ಕಾವು ಹಾಕಿದ. ಆಗ ಧಣಿಗಳ್ಯಾರೂ ಎಸ್ಟೇಟಿನ ಕಡೆ ತಲೆ ಹಾಕುತ್ತಿರಲಿಲ್ಲ, ಕೇಳುವವರಿರಲಿಲ್ಲ.

ಈಗ ಹೊಸ ಧಣಿ ಬಂದಿದ್ದಾನೆ. ತನ್ನ ಮುತ್ತಜ್ಜನ ಬಂಗಲೆಗೆ ಸುಣ್ಣ ಹೊಡೆಸಿದ. ವಿಷ ಸಿಂಪಡಿಸಬಾರದು, ಯಂತ್ರ ಕಾಲಿಡಬಾರದು, ಬೇಸಾಯವೆಲ್ಲ ಮುತ್ತಜ್ಜನ ಕಾಲದ ಹಾಗೆ ನಡೆಯಬೇಕು ಅಂದ. ವಿಷ ನಿಂತಿದ್ದಕ್ಕೆ ನಾವೂ ಖುಷಿಪಟ್ಟೆವು, ಕೆಮ್ಮು ಕಡಿಮೆಯಾಯಿತು. ಆಮೇಲೆ ಬಂಗಲೆಯ ಅಟ್ಟದಲ್ಲಿ ಗಿಡ್ಡ ಕಾವಿನ ಹಳೇ ಗುದ್ದಲಿಯೊಂದು ಸಿಕ್ಕಿತು. ಧಣಿ ಅದನ್ನು ಹಜಾರದ ಗೋಡೆಗೆ ಹಾಕಿಸಿದ. ಬಡಗಿಯನ್ನು ಕರೆಸಿ ನಮ್ಮ ಕಾವುಗಳನ್ನೆಲ್ಲ ಅದರ ಅಳತೆಗೆ ಕೊಯ್ಯಿಸಿದ. ಉಳಿದ ತುಂಡುಗಳು ಅತಿಥಿಗಳು ಟೋಪಿ ನೇತುಹಾಕುವ ಗೂಟಗಳಾದವು.

ಆಗಲೇ ನಾನು ಕೇಳಿಯೇ ಕೇಳಿದೆ. “ಧಣಿ, ಉದ್ದ ಕಾವಲ್ಲೂ ಕಳೆ ಕಿತ್ತು ಬರುತ್ತೆ. ಬೆಳೆಗೇನೂ ಆಗಲ್ಲ.”

“ಬೆಳೆ ಮಾತಲ್ಲಮ್ಮ ಇದು.” ಧಣಿ ಎಂದೂ ಬೈಯುವುದಿಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ. ಬೈಯಲು ಮೇಸ್ತ್ರಿ ಇದ್ದಾನಲ್ಲ. “ಮಣ್ಣಿಗೂ ಮನುಷ್ಯನಿಗೂ ಒಂದು ನಂಟಿರುತ್ತೆ. ಬಗ್ಗಿದ್ರೇನೇ ಅದು ತಿಳಿಯೋದು. ನಿಮ್ಮ ಹಿರಿಯರಿಗೆ ಗೊತ್ತಿತ್ತು.”

“ಗೊತ್ತಿತ್ತು ಧಣಿ. ಅದಕ್ಕೇ ಬೇಗ ಮಣ್ಣು ಸೇರಿದ್ರು.”

ಮೇಸ್ತ್ರಿ ಕೈ ಎತ್ತಿದ. ಧಣಿ ತಡೆದು ನಕ್ಕ. “ಕಷ್ಟ ಅನ್ನೋರು ಹೋಗಬಹುದು, ಬಲವಂತ ಇಲ್ಲ. ಮನೆ ಬೀಗದ ಕೈ ಮೇಸ್ತ್ರಿಗೆ ಕೊಟ್ಟು ಹೋಗಿ.”

ಮನೆಯೆಂದರೆ ಅವನ ಜಮೀನಿನ ಅಂಚಿನ ಸಾಲುಮನೆ, ಒಂದೇ ಕೋಣೆ. ಅತ್ತೆ ಹೆತ್ತದ್ದು ಅಲ್ಲೇ, ಮಾವ ಸತ್ತದ್ದೂ ಅಲ್ಲೇ. ಕೆಲಸ ಬಿಟ್ಟರೆ ಸೂರು ಬಿಡಬೇಕು. ಮಡಚಿದ ಮುದುಕಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ಅತ್ತ ದರಿ, ಇತ್ತ ಪುಲಿ. ಬಾಯಿ ಮುಚ್ಚಿಕೊಂಡು ಬಗ್ಗಿದೆ.

ಮೇಸ್ತ್ರಿ ಬೈದ ದಿನ ಸಂಜೆ ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದ ಅತ್ತೆಯ ಕೈ ತಟ್ಟನೆ ನಿಂತಿತು. ಸೊಂಟದ ಮೇಲಿನ ಒಂದು ಮೂಳೆಯನ್ನು ಒತ್ತಿ ನೋಡಿದಳು.

“ನಂಗೂ ಇಲ್ಲಿಂದಾನೇ ಶುರುವಾಗಿದ್ದು ಕಣೇ.”

ಅತ್ತೆ ಕೈಯೊರೆಸಿಕೊಂಡು ಎದ್ದಳು. “ನಾಳೆ ಧಣಿ ಕಡೆಯೋರು ನಮ್ಮ ಕೆಲಸ ನೋಡೋಕೆ ಬರ್ತಾರಂತೆ. ನೀವ್ಯಾರೂ ಬಗ್ಗಬೇಡಿ.”

“ಮನೆ ಹೋಗುತ್ತೆ ಅತ್ತೆ.”

“ಹೋಗ್ಲಿ. ಇನ್ನೊಂದು ಬೆನ್ನು ಎಲ್ಲಿಂದ ತರ್ತೀಯ?”

ಸಾಲುಮನೆಗಳ ಒಂದೊಂದು ಬಾಗಿಲಿಗೂ ಹೋಗಿ ಅದನ್ನೇ ಹೇಳಿ ಬಂದಳು.

ಬೆಳಿಗ್ಗೆ ಧಣಿ ಅತಿಥಿಗಳನ್ನು ಹೊಲಕ್ಕೆ ಕರೆತಂದ. ನಾವು ಹೆಂಗಸರು ಸಾಲಾಗಿ ನಿಂತಿದ್ದೆವು. ಗುದ್ದಲಿಗಳು ಕಾಲಬುಡದಲ್ಲಿ ಬಿದ್ದಿದ್ದವು.

“ಶುರು ಮಾಡ್ರೇ,” ಅಂದ ಮೇಸ್ತ್ರಿ. ಯಾರೂ ಅಲ್ಲಾಡಲಿಲ್ಲ. ಅವನು ನನ್ನ ಕಿವಿಯ ಹತ್ತಿರ ಬಂದು ಹಲ್ಲು ಕಡಿದ. “ಬೋಳಿಮುಂಡೇರಾ, ಈಗಲೇ ನಿಮ್ಮ ಸಾಮಾನು ಬೀದಿಗೆ ಬೀಳ್ತವೆ, ನೋಡ್ತಿರಿ.” ಆದರೂ ನಾನು ಬಗ್ಗಲಿಲ್ಲ. ಅವನು ದಾಪುಗಾಲು ಹಾಕುತ್ತ ಸಾಲುಮನೆಗಳ ಕಡೆ ಹೋದ.

ಅತಿಥಿಗಳು ಮುಖಮುಖ ನೋಡಿಕೊಂಡರು. ಧಣಿಯ ಕಣ್ಣು ಸಾಲಿನ ಕೊನೆಗೆ ಹೋಯಿತು. ಅಲ್ಲಿ ನನ್ನ ಅತ್ತೆ ಒಬ್ಬಳೇ ನೆಲಕ್ಕೆ ಬಾಗಿದ್ದಳು. ಅವನ ಮುಖ ಅರಳಿತು.

“ನೋಡಿ, ಆ ಅಜ್ಜಿ ಹಳೇ ಕಾಲದವರು. ಮಣ್ಣಿನ ಬೆಲೆ ಗೊತ್ತು ಅವರಿಗೆ.”

ಕ್ಯಾಮೆರಾಗಳೆಲ್ಲ ಅತ್ತ ತಿರುಗಿದವು. ಅತ್ತೆ ಕತ್ತನ್ನಷ್ಟೇ ಓರೆಯಾಗಿ ಎತ್ತಿ, ಎರಡೂ ಕೈ ಚಾಚಿ ತೋರಿಸಿದಳು. ಗುದ್ದಲಿ ಇರಲಿಲ್ಲ.

“ನಾನೂ ನೆಟ್ಟಗೇ ನಿಂತಿದೀನಿ ಕಣಪ್ಪಾ,” ಅಂದಳು. “ನನ್ನ ನೆಟ್ಟಗೆ ಇಷ್ಟೇ.”

ಸಾಲುಮನೆಗಳ ಕಡೆಯಿಂದ ಪಾತ್ರೆಗಳು ಅಂಗಳಕ್ಕೆ ಬೀಳುವ ಸದ್ದು ಕೇಳತೊಡಗಿತು. ನಮ್ಮಲ್ಲಿ ಯಾರೂ ತಿರುಗಿ ನೋಡಲಿಲ್ಲ.