ಸೋಮನಿಂಗಪ್ಪನ ದಾಡಿಯ ಕ್ರೀಮು

"ಇದು ಕ್ರೀಮ ಅಲ್ಲ, ಸುಣ್ಣ. ತಗೊ, ನಿನ್ನ ಮಾರಿಗೇ ಬಳಕೊ."

ಸೋಮನಿಂಗಪ್ಪ ಟ್ಯೂಬನ್ನು ಕಟ್ಟೆಯ ಮೇಲೆ ಬಡಿದ ರಭಸಕ್ಕೆ ಅದರ ಮುಚ್ಚಳ ಹಾರಿ ಬೆಲ್ಲದ ಪೆಂಟೆಯ ಹಿಂದೆ ಬಿತ್ತು. ಜತ್ತದಲ್ಲಿ ಅಂದು ಸಂತೆ. ಮಲಕಾಜಪ್ಪನ ಅಂಗಡಿಯ ಮುಂದೆ ಎಂಟು ಹತ್ತು ಜನ ನಿಂತಿದ್ದರು. ಚಹಾಪುಡಿ ಕೇಳುತ್ತಿದ್ದವನು ಕೇಳುವುದನ್ನು ಬಿಟ್ಟು ಈ ಕಡೆ ತಿರುಗಿದ.

ಮಲಕಾಜಪ್ಪ ಟ್ಯೂಬನ್ನು ಎತ್ತಿ, ಚಪ್ಪಟೆಯಾಗಿದ್ದ ಅದರ ಹೊಟ್ಟೆಯನ್ನು ನೋಡಿದ.

"ಎಷ್ಟ ಸಲ ಹಚ್ಚಿದ್ರಿ ಸಾವ್ಕಾರ?"

"ಒಂದ ಸಲ."

"ಅರ್ಧಾ ಟ್ಯೂಬ ಖಾಲಿ ಆಗೇತಲ್ರಿ. ಮಾರಿಗಿ ಹಚ್ಚಿದ್ರ್ಯೋ, ಎಮ್ಮಿಗಿ ಹಚ್ಚಿದ್ರ್ಯೋ?"

ಜನ ನಕ್ಕರು. ಸೋಮನಿಂಗಪ್ಪನ ಕೆನ್ನೆಯ ಮೇಲೆ ನಾಲ್ಕು ಕಡೆ ಗಾಯವಾಗಿತ್ತು. ರಕ್ತ ನಿಲ್ಲಲೆಂದು ಅಂಟಿಸಿದ್ದ ಹಳೆಯ ಪತ್ರಿಕೆಯ ಚೂರುಗಳು ಇನ್ನೂ ಅಲ್ಲೇ ಇದ್ದವು. ಒಂದು ಚೂರಿನ ಮೇಲೆ ಮರಾಠಿಯಲ್ಲಿ 'ಸರಕಾರಿ' ಎಂದು ಓದಬಹುದಿತ್ತು.

"ಲಗೂನ ನೊರಿ ಬರೂದು ಕೊಡು ಅಂದಿದ್ದೆ. ಅಂದಿದ್ನೋ ಇಲ್ಲೋ?"

"ಅಂದಿದ್ರಿ. ಸ್ವಾದರಳಿಯಗ ಬೇಕು, ಅಂವಾ ಈಗ ಕಲಿಯಾಕತ್ತಾನ ಅಂದಿದ್ರಿ. ಮಾರಿ ನಿಮ್ಮದು ಕೊಯ್ದೈತಲ್ಲ?"

ಸೋಮನಿಂಗಪ್ಪ ಕೆನ್ನೆಯ ಮೇಲಿನ ಕಾಗದದ ಚೂರನ್ನು ಒತ್ತಿಕೊಂಡ. ಐವತ್ತರ ಹತ್ತಿರ ಬಂದ ಮುಚ್ಚಂಡಿಯ ಜೋಳದ ವ್ಯಾಪಾರಿ, ನಾಲ್ಕು ಊರಿನಲ್ಲಿ ಮಾತು ನಡೆಯುವ ಮನುಷ್ಯ, ದಾಡಿ ಮಾಡಿಕೊಳ್ಳಲು ಈಗ ಕಲಿಯುತ್ತಿದ್ದೇನೆ ಎಂದು ಸಂತೆಯಲ್ಲಿ ಒಪ್ಪಿಕೊಳ್ಳುವುದು ಹೇಗೆ?

ಮಲಕಾಜಪ್ಪ ಕೆಟ್ಟವನಲ್ಲ. ಕೊಡುವಾಗ ಎಲ್ಲವನ್ನೂ ತಿಳಿಸಿ ಹೇಳಿದ್ದ. ಬಟ್ಟಲಲ್ಲಿ ಇಡುವ ದುಂಡು ಸಾಬೂನಿಗೆ ಪಳಗಿದ ಕೈ ಬೇಕು. ಕಡ್ಡಿ ಸಾಬೂನನ್ನು ಗಡ್ಡದ ಮೇಲೇ ತಿಕ್ಕಬೇಕು, ಹೊಸಬರಿಗೆ ಅದು ಒಲಿಯುವುದಿಲ್ಲ. ಟ್ಯೂಬಿನ ಕ್ರೀಮಾದರೆ ಎರಡು ಸಲ ಬ್ರಶ್ಶು ತಿರುಗಿಸಿದರೆ ಸಾಕು. ಸೋಮನಿಂಗಪ್ಪ ಆಗ ಎಲ್ಲದಕ್ಕೂ ಹೂಂ ಎಂದಿದ್ದ. ಆದರೆ ಕಿವಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಮನೆಗೆ ಹೋಗಿ ಒಣ ಗಡ್ಡಕ್ಕೆ ಮಲಾಮಿನಂತೆ ಬೆರಳಿನಿಂದ ಉಜ್ಜಿ, ಅದು ಒಣಗಿದ ಮೇಲೆ ಬ್ಲೇಡು ಎಳೆದಿದ್ದ.

"ಕುಂದ್ರಿ ಸಾವ್ಕಾರ. ಇಲ್ಲೇ ತೋರಸ್ತೀನಿ," ಎಂದು ಮಲಕಾಜಪ್ಪ ತನ್ನ ಬಿಂದಿಗೆಯಿಂದ ಒಂದು ವಾಟಿ ನೀರು ತೆಗೆದ. ತನ್ನ ಗಲ್ಲವನ್ನು ತೋಯಿಸಿಕೊಂಡ. ಶೇಂಗಾ ಬೀಜದಷ್ಟು ಕ್ರೀಮನ್ನು ಬ್ರಶ್ಶಿನ ತುದಿಗೆ ಇಟ್ಟು ನಾಲ್ಕು ಸುತ್ತು ತಿರುಗಿಸಿದ. ನೊರೆ ಕಾಯಿಸಿದ ಹಾಲಿನಂತೆ ಉಕ್ಕಿ ಕಿವಿಯ ತನಕ ಏರಿತು. ಚಹಾಪುಡಿಯವನು "ಅಗದೀ ಚಲೋ ಐತಿ ಬಿಡ್ರಿ, ನನಗೂ ಒಂದ ಕೊಡ್ರಿ," ಎಂದ.

ಸೋಮನಿಂಗಪ್ಪ ಮಲಕಾಜಪ್ಪ ಕೊಟ್ಟ ಹೊಸ ಟ್ಯೂಬನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು ಎದ್ದ. ಹೋಗುವಾಗ ಯಾರ ಮುಖವನ್ನೂ ನೋಡಲಿಲ್ಲ.

ಇಷ್ಟೆಲ್ಲ ಪಡಿಪಾಟಲು ಒಂದು ಸುಳ್ಳಿನಿಂದ. ನಾಲ್ಕು ದಿನದ ಹಿಂದೆ ಜತ್ತದ ಮದುವೆಯೊಂದರಲ್ಲಿ ಸಾಂಗಲಿಯ ಶಿವಯೋಗೆಪ್ಪನ ಮಗ ಸೋಮನಿಂಗಪ್ಪನ ಮಗಳು ಮಲಕವ್ವನನ್ನು ನೋಡಿ ಒಪ್ಪಿದ್ದ. ಹುಡುಗ ಮಿರಜಿನಲ್ಲಿ ಸಾಲಿ ಮಾಸ್ತರ. ಮಲಕವ್ವನೂ ಹಂದರದ ಕಂಬದ ಹಿಂದಿನಿಂದ ಅವನನ್ನು ನೋಡಿ, ತಾಯಿ ಚನ್ನವ್ವನಿಗೆ "ಅಡ್ಡಿಯಿಲ್ಲ," ಎಂದಿದ್ದಳು. ಆ ಮನೆಯಲ್ಲಿ ಅದಕ್ಕಿಂತ ಜೋರಾಗಿ ಒಪ್ಪಿಗೆ ಕೊಟ್ಟ ಹುಡುಗಿ ಹಿಂದೆ ಯಾರೂ ಇರಲಿಲ್ಲ.

ಶಿವಯೋಗೆಪ್ಪ ಕಚೇರಿಯ ಕಾರಕೂನ. ದಿನವೂ ದಾಡಿ, ದಿನವೂ ಇಸ್ತ್ರಿ. ಹಂದರದ ಆಚೆ ಹಡಪದವನ ಮುಂದೆ ದಾಡಿಗೆಂದು ಸಾಲಾಗಿ ಕುಳಿತ ಗಂಡಸರನ್ನು ನೋಡಿ ಅವನು, "ತನ್ನ ಮಾರಿನ ಮತ್ತೊಬ್ಬರ ಕೈಯಾಗ ಕೊಡೂ ಮಂದಿನ್ನ ಕಂಡ್ರ ನನಗ ಆಗಂಗಿಲ್ರಿ. ನಮ್ಮ ಮನ್ಯಾಗ ಗಂಡಸರೆಲ್ಲಾ ತಾವೇ ಮಾಡ್ಕೋತಾರ," ಎಂದ.

ಅರ್ಧ ತಾಸಿನ ಹಿಂದೆ ಅದೇ ಸಾಲಿನಿಂದ ಎದ್ದು ಬಂದಿದ್ದ ಸೋಮನಿಂಗಪ್ಪ, "ಖರೇ ಅದ ರೀ. ನಾನೂ ನಾನಽ ಮಾಡ್ಕೋತೀನಿ. ಇಪ್ಪತ್ತ ವರ್ಷಾತು," ಎಂದುಬಿಟ್ಟ. ಎರಡು ವರ್ಷ ಎಂದಿದ್ದರೂ ಕೆಲಸ ನಡೆಯುತ್ತಿತ್ತು. ಆದರೆ ಸುಳ್ಳು ಹೇಳುವಾಗ ಕೈ ಹಿಡಿದು ಹೇಳುವ ಬುದ್ಧಿ ಅವನಿಗಿರಲಿಲ್ಲ.

"ಹಂಗಾರ ಛಲೋ ಆತು," ಎಂದಿದ್ದ ಶಿವಯೋಗೆಪ್ಪ. "ಮುಂದಿನ ಬುಧವಾರ ಬಿಟ್ಟು ಬುಧವಾರ ನಿಮ್ಮ ಮನಿಗಿ ಬರ್ತೀನಿ. ರಾತ್ರಿ ಇರ್ತೀನಿ. ಮುಂಜಾನೆ ಇಬ್ಬರೂ ಕೂಡೇ ಕುಂತು ದಾಡಿ ಮಾಡ್ಕೊಳ್ಳೋಣ. ಆಮ್ಯಾಲ ಮಾತು ಮುಗಸೋಣ."

ಸಂತೆಯಿಂದ ಬಂದ ಸೋಮನಿಂಗಪ್ಪ ಕಟ್ಟೆಯ ಮೇಲೆ ಕನ್ನಡಿ ಇಟ್ಟುಕೊಂಡು ಕುಳಿತ. ಅಂಗಳದ ಬಾವಿಯಿಂದ ತಂಬಿಗೆ ತುಂಬಿಕೊಂಡ. ಈ ಸಲ ಎಲ್ಲ ಶಾಸ್ತ್ರೋಕ್ತ. ಗಲ್ಲ ತೋಯಿಸಿದ, ಶೇಂಗಾ ಬೀಜದಷ್ಟೇ ಕ್ರೀಮು ತೆಗೆದ, ಬ್ರಶ್ಶು ತಿರುಗಿಸಿದ. ನಾಲ್ಕು ಸುತ್ತು ಆಯಿತು, ನಲವತ್ತು ಆಯಿತು. ನೊರೆ ಬರಲಿಲ್ಲ. ಹುಳಿ ಹಿಂಡಿದ ಹಾಲಿನಂತೆ ಬಿಳಿ ಚೂರುಗಳು ಒಡೆದು ಗಡ್ಡದಿಂದ ನೀರಿನ ಜೊತೆ ಎದೆಗೆ ಇಳಿದವು.

ತಂಬಿಗೆ ಅಂಗಳಕ್ಕೆ ಹಾರಿತು. "ಆ ಮಲಕಾಜ್ಯಾನ ಅಂಗಡಿಗಿ ಬೆಂಕಿ ಹಚ್ಚತೀನಿ."

ಚನ್ನವ್ವ ಒಳಗಿನಿಂದ ಬಂದು ತಂಬಿಗೆ ಎತ್ತಿಕೊಂಡಳು. "ಯಾವ ನೀರ ತಗೊಂಡ್ರಿ?"

"ಯಾವ ನೀರಂದ್ರ? ನೀರು. ಬಾವೀದು."

"ನಮ್ಮ ಬಾವೀದು ಸವಳ ನೀರು. ಅದರಾಗ ಬ್ಯಾಳಿ ಕುದಿಯಂಗಿಲ್ಲ. ಸಾಬೂನ ಹಚ್ಚಿದ್ರ ಅರವಿ ಜಿಡ್ಡ ಹಿಡಿತಾವ. ನೊರಿ ಎಲ್ಲಿಂದ ಬರಬೇಕು?"

"ಬ್ಯಾಳಿ ಕುದಿಯಂಗಿಲ್ಲಂತ. ದಿನಾ ನಾ ಉಣ್ಣೂದೇನು, ಕಲ್ಲೇನು?"

"ನೀವು ಉಣ್ಣೂದು ಬೀರದೇವರ ಬಾವಿ ನೀರಾಗ ಕುದಸಿದ್ದು. ನಾ ಈ ಮನಿಗಿ ಬಂದಾಗಿಂದ ದಿನಾ ಎರಡ ಕೊಡ ಹೊತ್ತೀನಿ. ಈಗ ಮಲಕವ್ವ ಹೊರ್ತಾಳ. ನೀವು ನೋಡೇ ಇಲ್ಲೇನು?"

ಅವನು ನೋಡಿರಲಿಲ್ಲ. ಇಪ್ಪತ್ತೆರಡು ವರ್ಷ ಅಡಿಗೆಮನೆಯಲ್ಲಿ ನೀರು ತುಂಬಿದ ಎರಡು ಹರವಿಗಳು ಅಕ್ಕಪಕ್ಕ ಇದ್ದವು. ಒಂದು ಬಳಸಲು, ಇನ್ನೊಂದು ಬೇಯಿಸಲು ಮತ್ತು ಕುಡಿಯಲು. ಊರಿನ ಪ್ರತಿ ಹೆಂಗಸಿಗೂ ಗೊತ್ತಿದ್ದದ್ದು ಊರಿಗೆಲ್ಲ ಬುದ್ಧಿ ಹೇಳುವ ಶಹಾಣ್ಯಾನಿಗೆ ಗೊತ್ತಿರಲಿಲ್ಲ. ತಿಳಿದ ಮೇಲೆ ನಾಚಿಕೆಯಾದರೂ ಆಗಬೇಕಿತ್ತು. "ಮೊದಲಽ ಹೇಳಾಕ ಏನಾಗಿತ್ತು ನಿನಗ?" ಎಂದು ಹೆಂಡತಿಗೇ ಬೈದ.

ಮರುದಿನದಿಂದ ಮಲಕವ್ವನ ತಲೆಯ ಮೇಲೆ ಅಪ್ಪನ ಗಲ್ಲಕ್ಕಾಗಿ ಇನ್ನೊಂದು ಕೊಡ ಏರಿತು. ಬೀರದೇವರ ಬಾವಿ ಊರಾಚೆ, ಕುರಿದೊಡ್ಡಿಗಳನ್ನು ದಾಟಿ ಹೋಗಬೇಕು. ಹುಡುಗಿ ಬೇಸರಪಡಲಿಲ್ಲ. ಅಪ್ಪನ ಮುಖ ನುಣುಪಾದಷ್ಟೂ ಮಿರಜು ಹತ್ತಿರ ಬಂತೆಂದು ಅವಳ ಲೆಕ್ಕ. ಸಿಹಿ ನೀರಿನಲ್ಲಿ ಕ್ರೀಮು ಮೊದಲ ದಿನವೇ ಉಕ್ಕಿತು. ಸೋಮನಿಂಗಪ್ಪ ಆ ನೊರೆಯ ಮುಖವನ್ನು ಕನ್ನಡಿಯಲ್ಲಿ ನೋಡಿ ನೋಡಿ ಒಣಗಿಸಿದ. ಎಂಟನೆಯ ದಿನಕ್ಕೆ ಎರಡೇ ಗಾಯಗಳಲ್ಲಿ ಇಡೀ ದಾಡಿ ಮುಗಿಸುವಷ್ಟು ಕೈ ಕುದುರಿತು. ಎಂದಿನಂತೆ ಬಂದ ಹಡಪದ ಅಪ್ಪಾಸಾಬನಿಗೆ, "ನಿನ್ನ ಕೆಲಸ ಇಲ್ಲಿಗಿ ಮುಗೀತು," ಎಂದು ಹೇಳಿ ಕಳಿಸಿದ. ಅಪ್ಪಾಸಾಬ ಅವನ ಗಲ್ಲವನ್ನು ಒಂದು ಸಲ ನೋಡಿ, "ಕಿವಿ ಸಂಭಾಳಸ್ರಿ ಸಾವ್ಕಾರ," ಎಂದಷ್ಟೇ ಹೇಳಿ ಹೋದ.

ಬುಧವಾರ ಸಂಜೆ ಶಿವಯೋಗೆಪ್ಪ ಬಂದ. ಹಣೆಗೆ ವಿಭೂತಿ, ಕೈಯಲ್ಲಿ ಚರ್ಮದ ಚೀಲ. ಮನೆ ನೋಡಿದ, ಹೊಲ ನೋಡಿದ, ಎತ್ತು ನೋಡಿದ. ಎಲ್ಲವೂ ಒಪ್ಪಿತು. ಊಟಕ್ಕೆ ಕುಳಿತಾಗ ಬೇಳೆಯ ಸಾರನ್ನು ಎರಡು ಸಲ ಹಾಕಿಸಿಕೊಂಡು, "ಬ್ಯಾಳಿ ಬೆಣ್ಣಿಯಾಗಿ ಕುದ್ದದ ತಂಗೆವ್ವಾ," ಎಂದು ಮಲಕವ್ವನಿಗೆ ಹೇಳಿದ. ಚನ್ನವ್ವನ ಮುಖ ಅರಳಿತು. ಅಲ್ಲಿಗೆ ಬಿಟ್ಟಿದ್ದರೆ ಲಗ್ನ ಆದಂತೆಯೇ ಇತ್ತು.

ಆದರೆ ಶಿವಯೋಗೆಪ್ಪನಿಗೂ ಒಂದು ನಾಲಿಗೆ ಇತ್ತು. ಎಲೆಅಡಿಕೆ ಹಾಕಿಕೊಳ್ಳುತ್ತ, ಕನ್ನಡಿಯ ಪಕ್ಕದ ಟ್ಯೂಬನ್ನು ನೋಡಿ, ತನ್ನ ಚೀಲ ಬಿಚ್ಚಿ ದುಂಡು ಸಾಬೂನಿನ ಬಟ್ಟಲು ತೋರಿಸಿದ. "ನೀವು ಟ್ಯೂಬಿನ ಕ್ರೀಮ ಹಚ್ತೀರಾ? ಅದು ಕಲಿಯೂ ಹುಡುಗರಿಗಿ ರೀ. ಇಪ್ಪತ್ತ ವರ್ಷ ಮಾಡ್ಕೊಂಡಾಂವಗ ಇದಽ ಬೇಕು. ಹಳ್ಳ್ಯಾಗಿನ ಮಂದಿಗಿ ನೊರಿ ಎಬ್ಬಸೂ ಕೈಗುಣ ಇರಂಗಿಲ್ಲ. ನಾಳಿ ತೋರಸ್ತೀನಿ."

ಸೋಮನಿಂಗಪ್ಪ ನಕ್ಕ. ಒಳಗೆ ಕುದಿಯುತ್ತಿದ್ದ.

ಮುಂಜಾನೆ ಚನ್ನವ್ವ ಸಿಹಿ ನೀರನ್ನು ಬೆಚ್ಚಗೆ ಮಾಡಿ ಎರಡು ತಂಬಿಗೆ ತುಂಬಿಟ್ಟಿದ್ದಳು. ಸೋಮನಿಂಗಪ್ಪ ಒಳಗೆ ಬಂದು ಒಂದನ್ನು ಒಲೆಯ ಪಕ್ಕಕ್ಕೆ ಸರಿಸಿ, ಬೇರೆ ತಂಬಿಗೆಯಲ್ಲಿ ಅಂಗಳದ ಬಾವಿಯ ನೀರು ಕಾಯಿಸು ಎಂದ.

"ಯಾಕ್ರಿ?"

"ಅವನ ಕೈಗುಣ ನೋಡೋಣ."

"ಬ್ಯಾಡ್ರಿ. ಬೀಗರಾಗವರು. ಮಗಳ ಲಗ್ನ ಐತಿ."

"ಲಗ್ನ ಎಲ್ಲಿ ಹೋಗ್ತೈತಿ? ನೀ ನೀರ ಕಾಸು."

ಇಬ್ಬರೂ ಕಟ್ಟೆಯ ಮೇಲೆ ಎದುರುಬದುರು ಕುಳಿತರು. ಸಾಂಗಲಿಯ ಬೀಗರು ಬಂದದ್ದು ಊರಿಗೆಲ್ಲ ಗೊತ್ತಿತ್ತು. ಎದುರು ಮನೆಯ ಬಸಗೊಂಡ, ಅವನ ಜೊತೆ ಹತ್ತು ಹನ್ನೆರಡು ಜನ ಬೇವಿನ ಗಿಡದ ಕೆಳಗೆ ಬಂದು ಕುಳಿತಿದ್ದರು. ಸೋಮನಿಂಗಪ್ಪ ಬ್ರಶ್ಶು ತಿರುಗಿಸಿದ. ನೊರೆ ಉಕ್ಕಿತು. ಬೇಕೆಂದೇ ಮೂಗಿನ ತನಕ ಬಳಿದುಕೊಂಡು ಸುತ್ತ ನೋಡಿದ.

ಶಿವಯೋಗೆಪ್ಪ ಬಟ್ಟಲಲ್ಲಿ ಬ್ರಶ್ಶು ತಿರುಗಿಸುತ್ತಲೇ ಇದ್ದ. ಬಟ್ಟಲಿನಲ್ಲಿ ಬೂದಿನೀರಿನಂಥದ್ದು ಏನೋ ಆಯಿತು. ಇನ್ನಷ್ಟು ಸಾಬೂನು ಕೆರೆದ, ಇನ್ನಷ್ಟು ತಿರುಗಿಸಿದ. ಕೆನ್ನೆಯ ಮೇಲೆ ಹಚ್ಚಿದ್ದು ಮಜ್ಜಿಗೆಯ ಗಸಿಯಂತೆ ಜಾರಿತು.

"ನೀರು ಹೆಂಗ ಅದಾವ್ರಿ ಇವು?"

"ಹೆಂಗ ಅಂದ್ರ? ಒಂದಽ ಬಾವೀದ್ರಿ, ಇಬ್ಬರಿಗೂ," ಎಂದ ಸೋಮನಿಂಗಪ್ಪ. "ನೀರಿನದೇನ ಐತ್ರಿ. ಕೈಗುಣ ಬೇಕು."

ಬಸಗೊಂಡ ಗಿಡದ ಕೆಳಗಿನಿಂದ, "ಸಾಹೇಬ್ರ, ಹಡಪದ ಅಪ್ಪಾಸಾಬನ್ನ ಕರೀಲೇನ್ರಿ? ಪುಕ್ಕಟ ಕಲಸ್ತಾನ," ಎಂದ.

ಹನ್ನೆರಡು ಜನ ಒಮ್ಮೆಗೇ ನಕ್ಕರು. ಸೋಮನಿಂಗಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಶಿವಯೋಗೆಪ್ಪ ಆ ಗಸಿಯ ಮೇಲೇ ಬ್ಲೇಡು ಎಳೆದ. ದವಡೆಯ ಕೆಳಗೆ ಕೊಯ್ದು ರಕ್ತ ಬನಿಯನ್ನಿನ ಮೇಲೆ ಇಳಿಯಿತು.

ಮಲಕವ್ವ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಒಳಗೆ ಹೋಗಿ ಒಲೆಯ ಪಕ್ಕದಲ್ಲಿದ್ದ ತಂಬಿಗೆ ತಂದು, ತಲೆ ತಗ್ಗಿಸಿ ಶಿವಯೋಗೆಪ್ಪನ ಮುಂದಿಟ್ಟಳು.

"ಇದರಾಗ ಬರ್ತೈತ್ರಿ ಮಾಮಾರ. ಇದು ಬೀರದೇವರ ಬಾವೀದು. ನಿಮಗ ಕೊಟ್ಟದ್ದು ಸವಳ ನೀರು."

ಅವಳು ಸಂಬಂಧ ಉಳಿಸಲೆಂದೇ ಬಂದಿದ್ದಳು. ಬಂದ ಬೀಗ ಸಿಟ್ಟಾಗುವ ಮೊದಲು ಅವನ ಮುಖದ ಮೇಲೆ ನೊರೆ ಬರಲಿ ಎಂಬುದಷ್ಟೇ ಅವಳ ಬಯಕೆ. ಶಿವಯೋಗೆಪ್ಪ ಬಟ್ಟಲು ತೊಳೆದು, ಹೊಸ ನೀರಿನಲ್ಲಿ ಬ್ರಶ್ಶು ಅದ್ದಿ ತಿರುಗಿಸಿದ. ನೊರೆ ಗೋಪುರದಂತೆ ಎದ್ದಿತು. ಅವನು ಅದನ್ನು ಕೆನ್ನೆಗೆ ಹಚ್ಚಲಿಲ್ಲ. ಬ್ರಶ್ಶನ್ನು ಕೆಳಗಿಟ್ಟ.

"ಮನ್ಯಾಗ ನೀರು ಎರಡ ಇಟ್ಟೀರಿ ಸೋಮನಿಂಗಪ್ಪಾರ. ಮಾತೂ ಎರಡ ಇಟ್ಟಿರಬೇಕು."

"ಚ್ಯಾಷ್ಟಿ ಮಾಡಿದೆ ರೀ. ಬೀಗರು ಬೀಗರು ಚ್ಯಾಷ್ಟಿ ಮಾಡೂದಿಲ್ಲೇನು?"

"ಇನ್ನೂ ಬೀಗರಾಗಿಲ್ಲಲ್ರಿ."

ಹುಡುಗಿ ಒಳ್ಳೆಯವಳು, ಅದು ಶಿವಯೋಗೆಪ್ಪನಿಗೆ ಗೊತ್ತಿತ್ತು. ಈ ಮನೆಯಲ್ಲಿ ನಿಜ ಹೇಳಿದವಳು ಅವಳೊಬ್ಬಳೇ ಎಂಬುದೂ ಅದೇ ಗಳಿಗೆಯಲ್ಲಿ ಅವನ ಕಣ್ಣೆದುರೇ ಇತ್ತು. ನ್ಯಾಯವಂತನಾಗಿದ್ದರೆ ಅವಳನ್ನು ಸೊಸೆ ಮಾಡಿಕೊಳ್ಳಲು ಅಷ್ಟೇ ಸಾಕಿತ್ತು. ಆದರೆ ಹನ್ನೆರಡು ಜನ ಅವನ ಮುಖ ನೋಡಿ ನಕ್ಕಿದ್ದರು. ದಿನವೂ ಇಸ್ತ್ರಿ ಅಂಗಿ ತೊಡುವವನಿಗೆ ಅದರ ಮುಂದೆ ಉಳಿದದ್ದೆಲ್ಲ ಸಣ್ಣದು. ಟವೆಲಿನಿಂದ ಮುಖ ಒರೆಸಿಕೊಂಡ. ಒಂದು ಕೆನ್ನೆ ಅರ್ಧ ಕೆರೆದಿತ್ತು, ಇನ್ನೊಂದು ಹಾಗೇ ಇತ್ತು. ಅಂಗಿ ತೊಟ್ಟು, ಚೀಲ ಎತ್ತಿಕೊಂಡು ಮೆಟ್ಟಿಲಿಳಿದ.

ಚನ್ನವ್ವ ಹೊರಗೆ ಬಂದು, "ಅಣ್ಣಾರ, ಉಪ್ಪಿಟ್ಟ ಆಗೇತ್ರಿ, ತಿಂದ ಹೋಗ್ರಿ," ಎಂದಳು. ಅವನು ನಿಲ್ಲಲಿಲ್ಲ. ಗಿಡದ ಕೆಳಗಿನವರು ಈಗ ನಗದೆ ದಾರಿ ಬಿಟ್ಟರು.

"ಹೋಗಲಿ ಬಿಡು. ಬಸ್ಸಿಗಿ ಇನ್ನೂ ತಾಸೈತಿ," ಎಂದ ಸೋಮನಿಂಗಪ್ಪ, ನೊರೆ ಹಚ್ಚಿದ ಮುಖವನ್ನು ಕನ್ನಡಿಯತ್ತ ತಿರುಗಿಸುತ್ತ. "ಸಿಟ್ಟ ಇಳಿದ ಮ್ಯಾಲ ತಾನಽ ಬರ್ತಾನ. ಎಲ್ಲಿ ಹೋಗ್ತಾನ?"

ಮಲಕವ್ವ ಬಾಗಿಲು ಬಿಟ್ಟು ಕದಲಲಿಲ್ಲ. ಅಲ್ಲಿಂದ ಬಸ್ಸು ನಿಲ್ಲುವ ಜಾಗ ಕಾಣುತ್ತಿತ್ತು. ಶಿವಯೋಗೆಪ್ಪ ಬಿಸಿಲಲ್ಲೇ, ಊರಿಗೆ ಬೆನ್ನು ಮಾಡಿ ನಿಂತಿದ್ದ. ಬಸ್ಸು ತಡವಾಗಿ ಬಂತು. ಅವನು ಹತ್ತಿದ.