ಬೂದಿ ಚೆಲ್ಲಿದ ಹೊಲದ ಬಟಾಣಿ

ಪ್ರಫುಲ್ಲಾಳ ಬಟಾಣಿ ಈ ಸಲವೂ ಹಳದಿ ತಿರುಗಿತು. ಮೊಳಕೆ ಚೆನ್ನಾಗಿಯೇ ಬಂದಿತ್ತು. ಎಲೆ ಬಿಟ್ಟ ಮೇಲೆ ಅಂಚಿನಿಂದ ಸುಟ್ಟಂತಾಗಿ ಗಿಡಗಳು ನೆಲಕ್ಕೆ ಮಲಗಿದವು. ಸಾಸವಡದ ಹತ್ತಿರ ಗುತ್ತಿಗೆಗೆ ಹಿಡಿದ ಹೊಲ ಅದು. ಪುಣೆ ಕ್ಯಾಂಪಿನ ತಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಕಳೆದ ಅವಳಿಗೆ ಆ ಹೊಲದಲ್ಲಿ ನಿಂತರೆ ಮಾತ್ರ ಉಸಿರಾಡಿದ ಹಾಗೆ. ಗಂಡ ಭುಜಂಗ ಮಾತ್ರ, ಇನ್ನು ಸಾಕು, ಯುಗಾದಿಗೆ ಹೊಲ ಬಿಟ್ಟುಕೊಡುವುದೇ ಸರಿ ಎಂದುಬಿಟ್ಟ.

ಅವಳ ಸಿಟ್ಟೆಲ್ಲ ಬೀಜದಂಗಡಿಯವನ ಮೇಲೆ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ ಎಂದು ಭುಜಂಗ ಚೇಷ್ಟೆ ಮಾಡಿದ. ಆದರೆ ಅವಳು ತನ್ನ ಕಡೆಯಿಂದ ಏನೂ ಕಡಿಮೆ ಮಾಡಿರಲಿಲ್ಲ. ಉಡುಪಿ ಕಡೆಯ ತವರಿನಲ್ಲಿ ತಾಯಿ ತರಕಾರಿ ಸಾಲಿಗೆ ಒಲೆಯ ಬೂದಿ ಹಾಕಿಯೇ ಬೆಳೆ ತೆಗೆದವರು. ಮಗಳೂ ಹೋಟೆಲಿನ ನೀರೊಲೆಯ ಬೂದಿಯನ್ನು ಚೀಲಗಟ್ಟಲೆ ತಂದು ಚೆಲ್ಲಿದಳು. ಹೋದ ವರ್ಷ ಬೆಳೆ ಸೊರಗಿದಾಗ, ಬೂದಿ ಸಾಲಲಿಲ್ಲವೆಂದು ಈ ವರ್ಷ ಇನ್ನಷ್ಟು ಸುರಿದಳು.

ಹೋಟೆಲಿಗೆ ದಿನಾ ಇಡ್ಲಿಗೆ ಬರುವ ನಿಜಲಿಂಗಪ್ಪ ವಿಜಯಪುರದ ಕಡೆಯವರು, ಮಣ್ಣು ಪರೀಕ್ಷೆ ಮಾಡುವವರು. ಅವಳ ಗೋಳು ಕೇಳಿ ಒಂದು ಭಾನುವಾರ ಹೊಲಕ್ಕೆ ಬಂದರು. ಮಳೆಗಾಲದಲ್ಲಿ ಏನಿತ್ತು ಎಂದು ವಿಚಾರಿಸಿದರು. ಮೆಕ್ಕೆಜೋಳ ಹಾಕಿ, ಕಳೆ ಸಾಯಲೆಂದು ಅಟ್ರಾಜಿನ್ ಔಷಧಿ ಹೊಡೆಸಿದ್ದಾಗಿ ಅವಳು ಹೇಳಿದಳು. ನಿಜಲಿಂಗಪ್ಪ ಹೊಲದ ಬಿಳಿ ಹರಳೊಂದನ್ನು ಎತ್ತಿಕೊಂಡು, ಅವಳ ಬುತ್ತಿಯಲ್ಲಿದ್ದ ಲಿಂಬೆಹೋಳನ್ನು ಅದರ ಮೇಲೆ ಹಿಂಡಿದರು. ಕಲ್ಲಿನ ಮೈಮೇಲೆ ಸಣ್ಣಗೆ ನೊರೆ ಎದ್ದಿತು. ಪ್ರಫುಲ್ಲಾ ಬಗ್ಗಿ ಅದನ್ನೇ ನೋಡಿದಳು.

"ಇದು ಸುಣ್ಣದ ಹರಳ್ರಿ ಅಕ್ಕಾರ. ನಿಮ್ಮೂರ ಕೆಂಪು ಮಣ್ಣಾಗ ಹುಳಿ ಅದ, ಅಲ್ಲಿ ಬೂದಿ ಹಾಕೂದು ಛಲೋನ. ಇಲ್ಲಿ ಮೊದ್ಲ ಸುಣ್ಣ ಭಾಳ. ಮಣ್ಣಾಗ ಹುಳಿ ಇದ್ರ ಈ ಔಷಧ ಲಗೂ ಮುರೀತದ, ಸುಣ್ಣ ಇದ್ರ ಹಂಗ ಕುಂದರ್ತದ. ನೀವು ಬೂದಿ ಹಾಕಿ ಅದಕ್ಕ ಇನ್ನಷ್ಟು ಆಯುಷ್ಯ ಕೊಟ್ಟೀರಿ. ಜ್ವಾಳ ಅದನ್ನ ತಡಕೊಳ್ತದ, ಬಟಾಣಿ ತಡಕೊಳ್ಳಂಗಿಲ್ಲ" ಎಂದರು ಅವರು.

"ಅಮ್ಮ ಹಾಕಿದ ಬೂದಿ ಯಾವತ್ತೂ ತಪ್ಪಿದ್ದಿಲ್ಲ ಸರ್" ಎಂದಳು ಪ್ರಫುಲ್ಲಾ. ಅಷ್ಟು ಮಳೆ ಬಿದ್ದ ಮೇಲೂ ಔಷಧಿ ಉಳಿದಿದೆ ಎಂದರೆ ನಂಬುವುದು ಹೇಗೆ? ನಿಜಲಿಂಗಪ್ಪ ವಾದಕ್ಕೆ ನಿಲ್ಲಲಿಲ್ಲ. ಮಣ್ಣನ್ನೇ ಕೇಳಿ ನೋಡಿ ಎಂದು, ಕೇಳುವ ಬಗೆ ಹೇಳಿಕೊಟ್ಟು ಹೋದರು.

ಹೋಟೆಲಿನ ಹಿಂದಿನ ಕಿಟಕಿಯಲ್ಲಿ ಅವಳು ಎರಡು ಡಬ್ಬಿ ಇಟ್ಟಳು. ಒಂದರಲ್ಲಿ ಬೂದಿ ಚೆಲ್ಲಿದ ಹೊಲದ ಮಣ್ಣು, ಇನ್ನೊಂದರಲ್ಲಿ ಔಷಧಿ ಸೋಕದ ಬದುವಿನ ಮಣ್ಣು. ಎರಡಕ್ಕೂ ಒಂದೇ ಪೊಟ್ಟಣದ ಬಟಾಣಿ. ಎರಡರಲ್ಲೂ ಹಸಿರು ಮೊಳಕೆ ಬಂದಾಗ, ತಾನೇ ಗೆದ್ದೆನೆಂದು ಗಂಡನ ಮುಂದೆ ಬೀಗಿದಳು. ಎಲೆ ಅಗಲವಾದ ಮೇಲೆ ಹೊಲದ ಡಬ್ಬಿಯ ಗಿಡ ಅಂಚಿನಿಂದ ಹಳದಿಯಾಯಿತು, ಆಮೇಲೆ ಸುಟ್ಟುಕೊಂಡಿತು. ಪಕ್ಕದ ಬಳ್ಳಿ ಕಿಟಕಿಯ ಸರಳು ಹಿಡಿದು ಮೇಲೆ ಹೊರಟಿತ್ತು.

ಬೀಜ ಅದೇ, ನೀರು ಅದೇ, ಹಾಕಿದ ಕೈಯೂ ಅದೇ. ಇಡೀ ಮಳೆಗಾಲ ತೊಯ್ದ ಮಣ್ಣು, ತಾನು ಕೊಟ್ಟದ್ದನ್ನು ಇನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದೆ! ಭುಜಂಗನೂ ಗಲ್ಲಾ ಬಿಟ್ಟು ಬಂದು ಎರಡೂ ಡಬ್ಬಿಗಳನ್ನು ಬಗ್ಗಿ ನೋಡಿದ.

"ಎಂತ ಮಾರಾಯ್ತಿ, ಮಣ್ಣಿಗೆ ಇಷ್ಟು ನೆನಪು ಉಂಟಾ?" ಎಂದ.

ಆ ಹೊಲಕ್ಕೆ ಅವಳು ಮೇವಿನ ಜೋಳ ಬಿತ್ತಿದಳು, ಅದು ನಳನಳಿಸಿ ಎದ್ದಿತು. ಯುಗಾದಿ ಬಂತು, ಹೋಯಿತು. ಹೊಲ ಬಿಡುವ ಮಾತನ್ನು ಭುಜಂಗ ಎತ್ತಲಿಲ್ಲ. ಮುಂದಿನ ಮಳೆಗಾಲದಲ್ಲಿ ಕಳೆಯನ್ನು ಕುರ್ಪಿಯಿಂದ ತೆಗೆಸಿದರು. ಬೂದಿ ಪಾತ್ರೆ ತಿಕ್ಕಲು ಹೋಯಿತು. ಚಳಿಗಾಲದಲ್ಲಿ ಮತ್ತೆ ಹೊಲದ ಮಣ್ಣು ತುಂಬಿಟ್ಟ ಡಬ್ಬಿಯ ಬಟಾಣಿ ಹಸಿರಾಗಿಯೇ ನಿಂತ ಮೇಲೆ ಹೊಲದಲ್ಲಿ ಬಟಾಣಿ ಬಿತ್ತಿದರು. ಈಗ ಸಾಗು ಬಡಿಸುವಾಗ ಭುಜಂಗ, ಈ ಬಟಾಣಿ ನಮ್ಮ ಹೊಲದ್ದು ಎಂದು ಹೇಳದೆ ಬಿಡುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಣ್ಣಿನಲ್ಲಿ ಹುಳಿ ಎಷ್ಟು, ಸುಣ್ಣ ಎಷ್ಟು ಎಂದು ಪರೀಕ್ಷೆ ಮಾಡಿಸಿ. ಕೆಲವು ಕಳೆನಾಶಕಗಳು ಅಟ್ರಾಜಿನ್‌ಗೆ ತಿರುಗುಮುರುಗಾಗಿ ಹುಳಿ ಮಣ್ಣಿನಲ್ಲೇ ಹೆಚ್ಚು ಕಾಲ ನಿಲ್ಲುತ್ತವೆ. ಹಾಗಾಗಿ ಮುಂದಿನ ಬೆಳೆ ಯಾವುದು, ಎಷ್ಟು ಕಾಲ ಬಿಟ್ಟು ಹಾಕಬೇಕು ಎಂದು ಔಷಧಿ ಪೊಟ್ಟಣದ ಮೇಲಿನ ಚೀಟಿ ಓದಿಸಿ ಕೇಳಿ. ಬಿತ್ತುವ ಮೊದಲು ಒಂದು ಡಬ್ಬಿ ಮಣ್ಣಿನಲ್ಲಿ ನಾಲ್ಕು ಕಾಳು ಊರಿ ನೋಡಿ. ಮೊಳಕೆ ಕಂಡ ಕೂಡಲೇ ಹಿಗ್ಗಬೇಡಿ, ಎಲೆ ಅಗಲವಾಗುವ ತನಕ ಕಾಯಿರಿ. ಮಣ್ಣು ನಿಧಾನವಾಗಿಯೇ ಉತ್ತರ ಕೊಡುತ್ತದೆ.