ಮೊಣಕೈ ತಾಗಿತಂತೆ

ಮೂವತ್ತೆರಡನೆಯ ಅಂಗಿಯ ಕಾಲರಿಗೆ ಅವಳು ನೀರು ಚಿಮುಕಿಸುತ್ತಿದ್ದಾಗ ಲಾಂಡ್ರಿಯ ಹಿಂಬಾಗಿಲಿನಿಂದ ಅತ್ತೆ ಬಂದರು. ಹಿಂದೆಯೇ ಮೈದುನ. ಜಾಮೀನಿನ ಮೇಲಿದ್ದವನು ನುಣ್ಣಗೆ ಗಡ್ಡ ತೆಗೆದುಕೊಂಡಿದ್ದ.

"ನಾಳೆ ನಿನ್ನ ಸಾಕ್ಷಿ," ಅಂದರು ಅತ್ತೆ. "ಏನು ಹೇಳಬೇಕು ಗೊತ್ತಲ್ಲ?"

"ಕಂಡದ್ದು."

"ನೀನೇನು ಕಂಡೆ? ಬೆನ್ನು ತಿರುಗಿಸಿ ನಿಂತಿದ್ದೆ."

ನಿಜವೇ. ಆ ದಿನ ಅವಳು ಗೋಡೆಯ ಕಡೆ ಮುಖ ಮಾಡಿ ಬಟ್ಟೆಗಳಿಗೆ ಚೀಟಿ ಪಿನ್ ಮಾಡುತ್ತಿದ್ದಳು. ತನ್ನ ಪ್ಯಾಂಟು ಆಗಿಂದಾಗಲೇ ಬೇಕೆಂದು ಮೈದುನ ತಾನೇ ಮೇಲಿನಿಂದ ಮುಚ್ಚಳ ಇಳಿಯುವ ದೊಡ್ಡ ಹಬೆ ಇಸ್ತ್ರಿ ಯಂತ್ರದ ಮುಂದೆ ನಿಂತಿದ್ದ. ಅವನ ಹೆಂಡತಿ ಪಕ್ಕದಿಂದ ಮಡಿಕೆ ಸರಿಪಡಿಸುತ್ತಾ ಅವನಿಗೆ ಎದುರು ಮಾತಾಡುತ್ತಿದ್ದಳು. ಬಿಸಿ ಮುಚ್ಚಳ ಬಿದ್ದ ಸದ್ದು, ಆಮೇಲೆ ಚೀತ್ಕಾರ. ತಿರುಗಿ ನೋಡುವಷ್ಟರಲ್ಲಿ ವಾರಗಿತ್ತಿಯ ಬಲಗೈ ಮಣಿಕಟ್ಟಿನವರೆಗೂ ಒಳಗಿತ್ತು. ಈಗ ಆಕೆ ತವರಿನಲ್ಲಿದ್ದಾಳೆ. ಬೆರಳು ಮಡಿಸಲು ಬರುವುದಿಲ್ಲ.

ಹೋದ ವಾರ ಸರ್ಕಾರಿ ವಕೀಲೆ ಕಡತದಿಂದ ತಲೆಯೆತ್ತದೆ ಹೇಳಿದ್ದರು: "ಯಂತ್ರ ನಡೆಸಿದ್ದು ಅವನೇ, ಕೈ ಸುಟ್ಟಿದ್ದು ಅದರಿಂದಲೇ. ಅಷ್ಟನ್ನ ರುಜುವಾತು ಮಾಡಬಹುದು. ಆದರೆ ಬೇಕಂತಲೇ ಮಾಡಿದ ಅನ್ನೋದನ್ನೂ ನಾನೇ ತೋರಿಸಬೇಕಮ್ಮ. ಕೈ ತಪ್ಪಿ ಆಯ್ತೇನೋ ಅಂತ ಜಡ್ಜಿಗೆ ಅನುಮಾನ ಬಂದರೆ ಸಾಕು, ಅವನು ಬಚಾವು."

"ಮೊಣಕೈ ಮಿಷಿನ್ ಗುಂಡಿಗೆ ತಾಗಿಬಿಡ್ತು, ಅತ್ತಿಗೆ," ಅಂದ ಮೈದುನ. "ನಮ್ಮ ಲಾಯರು ಅದನ್ನೇ ಬರೆದುಕೊಟ್ಟಿದ್ದಾರೆ. ಅವಳಿಗೆ ಕೈ ಎಲ್ಲಿಡಬೇಕು ಅಂತ ಗೊತ್ತಿಲ್ಲ, ನಾನೇನು ಮಾಡಲಿ?"

"ನಾಲಿಗೆ ಎಲ್ಲಿಡಬೇಕು ಅಂತಲೂ ಗೊತ್ತಿರಲಿಲ್ಲ," ಅತ್ತೆ ಸೇರಿಸಿದರು.

ಮೊಣಕೈಯ ಮಾತನ್ನು ಅವಳು ಕೇಳಿದ್ದು ಇದೇ ಮೊದಲು.

"ಯಾವ ಮೊಣಕೈ?"

"ಬಲಗಡೆದು. ಯಾಕೆ?"

"ಸುಮ್ಮನೆ."

ಆ ಮುಚ್ಚಳ ಒಂದೇ ಗುಂಡಿಗೆ ಜಗ್ಗುವಂಥದ್ದಲ್ಲ. ಎಡಕ್ಕೊಂದು, ಬಲಕ್ಕೊಂದು, ನಡುವೆ ಮೂರು ಗೇಣು ಅಂತರ. ಪೂರ್ತಿ ಮುಚ್ಚುವವರೆಗೂ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು. ಒಂದನ್ನು ಬಿಟ್ಟರೂ ಮುಚ್ಚಳ ಅರ್ಧದಲ್ಲೇ ಮೇಲೇಳುತ್ತದೆ. ಹನ್ನೊಂದು ವರ್ಷ ಅದರ ಮುಂದೆ ನಿಂತವಳಿಗೆ ಇದು ಹೇಳಬೇಕಾದ ಸಂಗತಿ ಎಂದೇ ಅನಿಸಿರಲಿಲ್ಲ. ಆ ಯಂತ್ರವನ್ನು ನೋಡಿಯೇ ಇರದ ವಕೀಲೆಗೆ ಕೇಳಲೂ ತೋಚಿರಲಿಲ್ಲ.

"ಕೇಳಿದ್ದಕ್ಕಷ್ಟೇ ಉತ್ತರ ಕೊಡು," ಅಂದರು ಅತ್ತೆ. "ಬೆನ್ನು ತಿರುಗಿಸಿದ್ದೆ ಅನ್ನು, ಇಳಿದು ಬಾ. ಹೆಚ್ಚಿಗೆ ಒಂದು ಮಾತಾಡಿದರೆ ಸಂಜೆ ಈ ಮನೆ ಕಡೆ ಬರೋ ಕಷ್ಟ ತಗೋಬೇಡ. ನಿನ್ನ ಗಂಡನ ಹತ್ತಿರಾನೂ ಮಾತಾಡಿದ್ದೀನಿ."

"ಅವರೇನಂದರು?"

"ಅಮ್ಮ ಹೇಳಿದ ಹಾಗೆ ಅಂದ."

"ಅವರಿಗೆ ಬೇರೆ ಮಾತು ಯಾವಾಗ ಬಂದಿತ್ತು?"

"ಹಲ್ಲು ಉದುರಿಸ್ತೀನಿ," ಅಂದರು ಅತ್ತೆ, ದನಿ ಏರಿಸದೆ.

ವಾರಗಿತ್ತಿ ಅವಳಿಗೇನೂ ಅಚ್ಚುಮೆಚ್ಚಲ್ಲ. ಒಂದೇ ಒಲೆಯ ಮುಂದೆ ಆರು ವರ್ಷ ಇಬ್ಬರೂ ಮುಖ ಗಂಟಿಕ್ಕಿಕೊಂಡೇ ಕಳೆದಿದ್ದರು. ಆದರೂ ಆ ದಿನದ ಸುಟ್ಟ ವಾಸನೆ ಅವಳ ಮೂಗಿನಿಂದ ಇನ್ನೂ ಹೋಗಿಲ್ಲ.

"ಹತ್ತು ಗಂಟೆಗೆ ನಾನೇ ಕರ್ಕೊಂಡು ಹೋಗ್ತೀನಿ, ಅತ್ತಿಗೆ. ರೆಡಿಯಾಗಿರಿ."

"ಆಗಲಿ."

ವಕೀಲೆ ಒಂಬತ್ತಕ್ಕೆಲ್ಲ ಕಚೇರಿಗೆ ಬಂದಿರುತ್ತಾರೆ. ಎಂಟಕ್ಕೇ ಹೊರಡಬೇಕು. ಆ ಯಂತ್ರ ಹೇಗೆ ಮುಚ್ಚುತ್ತದೆ ಅಂತ ನನ್ನನ್ನು ಕೇಳಿ, ಎಲ್ಲರ ಮುಂದೆ ಕೇಳಿ, ಅನ್ನಬೇಕು. ನಾಲ್ಕು ಬಟ್ಟೆ ಚೀಲಕ್ಕೆ ಹಾಕಿಕೊಂಡೇ ಹೋಗುವುದು ಒಳ್ಳೆಯದು. ಗಂಡನಿಗೆ? ಬೇಡ.

ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದರು. "ಏನು ಯೋಚನೆ?"

"ಇನ್ನೂ ಎಂಟು ಅಂಗಿ ಇದೆ," ಅಂದಳು.